ಮುಂದೆ ಕಲ್ಲು, ಹಿಂದೆ ಕಬ್ಬಿಣ

ಇಳಕಲ್ ಅಂದರೆ ಬರೀ ಸೀರೆಯಲ್ಲ. ಈ ಸೀಮೆಯ ಕೆಂಪು ಗ್ರಾನೈಟ್ ಕೂಡ ಇದೇ ಹೆಸರಿನಲ್ಲಿ ಹಡಗು ಹತ್ತಿದೆ. ಒಂದು ಘನ ಮೀಟರ್ ಗ್ರಾನೈಟಿನ ತೂಕ 2.6 ಟನ್ನಿಗೂ ಹೆಚ್ಚು. ಬಾದಾಮಿಯ ಗುಹೆಗಳ ಮಟ್ಟಿಗೆ ಚಾಲುಕ್ಯರು ಜಾಣರು: ಕಲ್ಲು ಎತ್ತುವ ಗೋಜಿಗೇ ಹೋಗದೆ ಗುಡ್ಡದಲ್ಲೇ ಗುಡಿ ಕೊರೆದರು. ಅಲ್ಲಿನ 3ನೇ ಗುಹೆಯ ಶಾಸನ ಕ್ರಿ.ಶ. 578ರದು.

ಕ್ವಾರಿಯ ದಿಮ್ಮಿ ಎತ್ತಲು ಕ್ರೇನ್ ಬೇಕು. ಪಾಲಿಶ್ ಆದ ಕಲ್ಲಿನ ಕ್ರೇಟುಗಳನ್ನು ಲಾರಿಗೇರಿಸಲು ಕೌಂಟರ್‌ಬ್ಯಾಲೆನ್ಸ್ ಫೋರ್ಕ್‌ಲಿಫ್ಟ್ ಸಾಕು. ಇದರ ಮುಂದಿನ ಅಚ್ಚೇ ತಕ್ಕಡಿಯ ನಡು: ಒಂದು ಕಡೆ ಫೋರ್ಕಿನ ಮೇಲಿನ ಕಲ್ಲು, ಇನ್ನೊಂದು ಕಡೆ ಯಂತ್ರದ ಬೆನ್ನಿಗಿರುವ ಎರಕದ ಕಬ್ಬಿಣದ ಗಟ್ಟಿ. 3 ಟನ್ ಎತ್ತುವ ಡೀಸೆಲ್ ಫೋರ್ಕ್‌ಲಿಫ್ಟ್ ತಾನೇ 4 ಟನ್ನಿಗೂ ಮಿಗಿಲಾಗಿ ತೂಗುವುದು ಅದಕ್ಕೇ.

ಆ 3 ಟನ್ನಿಗೂ ಷರತ್ತುಂಟು. ಭಾರದ ನಡುಬಿಂದು ಸಾಮಾನ್ಯವಾಗಿ ಫೋರ್ಕಿನ ಬುಡದಿಂದ 500 ಮಿಲಿಮೀಟರ್ ಒಳಗಿರಬೇಕು. ಮುಂದಕ್ಕೆ ಸರಿದಷ್ಟೂ ತಾಕತ್ತು ತಗ್ಗುತ್ತದೆ. ಕ್ರೇಟ್ ಕಣ್ಣಿಗೆ ಅಡ್ಡ ಬಂದರೆ ಚಾಲಕ ಹಿಮ್ಮುಖವಾಗಿಯೇ ಓಡಿಸುತ್ತಾನೆ.