ಕಡಬದ ತಾಮ್ರಪಟ ಮತ್ತು ಆಕಾಶದ ಶನಿ

(ಬಾನುಲಿ ಭಾಷಣ)

ನಮ್ಮ ನಾಡಿನ ದಾನಶಾಸನಗಳನ್ನು ಓದುವವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಕೊಟ್ಟ ದತ್ತಿಯು ಆಚಂದ್ರಾರ್ಕವಾಗಿ, ಎಂದರೆ ಸೂರ್ಯಚಂದ್ರರು ಇರುವವರೆಗೂ, ನಡೆದುಕೊಂಡು ಬರಲಿ ಎಂಬುದೇ ಆ ಮಾತು. ಕಲ್ಲಿನ ನೆತ್ತಿಯ ಮೇಲೆ ಸೂರ್ಯನನ್ನೂ ಚಂದ್ರನನ್ನೂ ಕೊರೆದು ನಿಲ್ಲಿಸುವ ವಾಡಿಕೆಯೂ ಉಂಟು. ಮನುಷ್ಯರು ಸಾಯುತ್ತಾರೆ, ರಾಜ್ಯಗಳು ಅಳಿಯುತ್ತವೆ, ಆಕಾಶ ಮಾತ್ರ ಉಳಿಯುತ್ತದೆ. ಆದ್ದರಿಂದ ಸಾಕ್ಷಿ ಹೇಳಲು ಅದಕ್ಕಿಂತ ತಕ್ಕವರಿಲ್ಲ ಎಂಬುದು ನಮ್ಮ ಹಿರಿಯರ ಭಾವನೆ. ಇದನ್ನು ನಾವು ಕೇವಲ ಅಲಂಕಾರದ ಮಾತೆಂದು ಬಗೆಯುತ್ತೇವೆ. ಆದರೆ ಆಕಾಶವು ನಮ್ಮ ಚರಿತ್ರೆಗೆ ನಿಜವಾಗಿಯೂ ಸಾಕ್ಷಿ ಹೇಳಿದೆ. ಅಂಥ ಒಂದು ಸಾಕ್ಷ್ಯವನ್ನು, ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ದೊರೆತ ಒಂದು ಶಾಸನದ ಮೂಲಕ, ಇಂದು ಪರಿಶೀಲಿಸೋಣ.

ಗುಬ್ಬಿ ತಾಲ್ಲೂಕಿನ ಉತ್ತರಕ್ಕೆ ಚೇಳೂರು ಒಂದು ಹೋಬಳಿಯ ಊರು. ಆ ಹೆಸರನ್ನು ಕೇಳಿದ ಕೂಡಲೇ ಆಕಾಶದ ಚೇಳು, ಎಂದರೆ ವೃಶ್ಚಿಕ ರಾಶಿ, ನೆನಪಿಗೆ ಬಂದರೆ ಆಶ್ಚರ್ಯವಿಲ್ಲ. ಮೇ ತಿಂಗಳ ಕೊನೆಯ ವೇಳೆಗೆ, ಕತ್ತಲಾದ ಮೇಲೆ, ಹೊಲದ ಬದುವಿನ ಮೇಲೆ ನಿಂತು ಆಗ್ನೇಯ ದಿಕ್ಕಿಗೆ ನೋಡಿದರೆ ಈ ಚೇಳು ಮೇಲೇರುತ್ತಿರುವುದು ಕಾಣುತ್ತದೆ. ಅದರ ಎದೆಯ ಸ್ಥಾನದಲ್ಲಿ ಕೆಂಪಗೆ ಹೊಳೆಯುವ ಚುಕ್ಕೆಯೇ ಜ್ಯೇಷ್ಠಾ ನಕ್ಷತ್ರ. ಹುಣ್ಣಿಮೆಯ ಚಂದ್ರನು ಈ ನಕ್ಷತ್ರದ ಆಸುಪಾಸಿನಲ್ಲಿ ನಿಲ್ಲುವ ತಿಂಗಳಿಗೆ ಜ್ಯೇಷ್ಠಮಾಸವೆಂದು ಹೆಸರು. ಕೃತ್ತಿಕೆಯಿಂದ ಕಾರ್ತಿಕ, ಮೃಗಶಿರೆಯಿಂದ ಮಾರ್ಗಶಿರ, ಮಘೆಯಿಂದ ಮಾಘ, ಚಿತ್ತೆಯಿಂದ ಚೈತ್ರ, ವಿಶಾಖೆಯಿಂದ ವೈಶಾಖ: ಹೀಗೆ ನಮ್ಮ ತಿಂಗಳುಗಳ ಹೆಸರುಗಳೇ ಒಂದು ವರ್ಷದ ರಾತ್ರಿಯ ಆಕಾಶದ ಪಟ್ಟಿ. ರೈತನ ಲೆಕ್ಕ ಇನ್ನೊಂದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನೆಂದು ಎಣಿಸಿ, ರೋಹಿಣಿ ಮಳೆ, ಮೃಗಶಿರೆ ಮಳೆ, ಆರಿದ್ರೆ ಮಳೆ ಎಂದು ಅವನು ಬಿತ್ತನೆಯ ಕಾಲವನ್ನು ಗೊತ್ತುಮಾಡಿಕೊಂಡನು. ಓದುಬರಹ ಬಾರದವನಿಗೂ ಆಕಾಶವು ಓದುವ ಪುಸ್ತಕವಾಗಿತ್ತು.

ಈಗ ಚೇಳೂರಿನಿಂದ ದಕ್ಷಿಣಕ್ಕೆ ಹೊರಟು ಗುಬ್ಬಿಯನ್ನು ದಾಟಿದರೆ ದೊರೆಯುವ ಕಡಬಕ್ಕೆ ಬರೋಣ. ದೊಡ್ಡ ಕೆರೆಯಿಂದ ಹೆಸರಾದ ಊರು ಅದು. ಅಲ್ಲಿ ದೊರೆತ ತಾಮ್ರಪಟಗಳು ಕಡಬದ ಶಾಸನವೆಂದು ಇತಿಹಾಸಕಾರರಲ್ಲಿ ಪ್ರಸಿದ್ಧವಾಗಿವೆ. ಜರ್ಮನಿಯ ವಿದ್ವಾಂಸ ಲ್ಯೂಡರ್ಸ್ ಅವರು 'ಎಪಿಗ್ರಾಫಿಯ ಇಂಡಿಕಾ'ದ ನಾಲ್ಕನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ಬಿ.ಎಲ್. ರೈಸ್ ಅವರು 1904ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕಾ'ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದೇ. ಅದರಲ್ಲಿಯೂ ಇದು ಸೇರಿದೆ.

ಶಾಸನದ ಸಾರಾಂಶ ಇಷ್ಟು. ಪ್ರಭೂತವರ್ಷನೆಂಬ ಬಿರುದುಳ್ಳ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನು ಮಯೂರಖಂಡಿಯ ಬೀಡಿನಲ್ಲಿದ್ದಾಗ, ಗಂಗಮಂಡಲದ ಅಧಿಪತಿಯಾಗಿದ್ದ ಚಾಕಿರಾಜನು ಒಂದು ಬಿನ್ನಹ ಮಾಡಿಕೊಂಡನು. ಚಾಕಿರಾಜನ ಸೋದರಳಿಯ ವಿಮಲಾದಿತ್ಯನೆಂಬವನು ಚಾಲುಕ್ಯ ಕುಲದವನು. ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ಲಿನ ಸೀಮೆಯನ್ನು, ಆಳುತ್ತಿದ್ದವನು. ಅವನಿಗೆ ಶನೈಶ್ಚರ ಪೀಡೆಯುಂಟಾಗಿತ್ತು. ಯಾಪನೀಯ ಸಂಘದ ಅರ್ಕಕೀರ್ತಿ ಎಂಬ ಜೈನ ಮುನಿ ಆ ಪೀಡೆಯನ್ನು ಪರಿಹರಿಸಿದನು. ಆ ಉಪಕಾರಕ್ಕೆ ಪ್ರತಿಯಾಗಿ ಜಾಲಮಂಗಲವೆಂಬ ಗ್ರಾಮವನ್ನು ಮಾನ್ಯಪುರದ ಪಶ್ಚಿಮದಲ್ಲಿದ್ದ ಶಿಲಾಗ್ರಾಮದ ಜಿನಾಲಯಕ್ಕೆ ದತ್ತಿಯಾಗಿ ಕೊಡಲಾಯಿತು. ಮಾನ್ಯಪುರವೆಂದರೆ ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆ.

ಈ ದಾನದ ಕಾಲವನ್ನು ಶಾಸನವೇ ಹೇಳುತ್ತದೆ: ಶಕವರ್ಷ 735, ಜ್ಯೇಷ್ಠಮಾಸ, ಶುಕ್ಲಪಕ್ಷದ ದಶಮಿ, ಸೋಮವಾರ. ಇಲ್ಲಿಂದ ಮುಂದೆ ಚರಿತ್ರಕಾರನು ಗಣಿತಜ್ಞನ ಮನೆಯ ಬಾಗಿಲು ತಟ್ಟಬೇಕು. ಏಕೆಂದರೆ ಹಳೆಯ ಶಾಸನಗಳಲ್ಲಿ ವರ್ಷವನ್ನು ಎರಡು ವಿಧವಾಗಿ ಎಣಿಸುತ್ತಿದ್ದರು. ಕಳೆದುಹೋದ ವರ್ಷಗಳ ಲೆಕ್ಕ ಒಂದು, ನಡೆಯುತ್ತಿರುವ ವರ್ಷದ ಲೆಕ್ಕ ಇನ್ನೊಂದು. ಇವೆರಡರ ನಡುವೆ ಒಂದು ವರ್ಷದ ಅಂತರ ಬೀಳುತ್ತದೆ. 735 ವರ್ಷಗಳು ಕಳೆದುವೆಂದು ಹಿಡಿದರೆ ಜ್ಯೇಷ್ಠ ಶುದ್ಧ ದಶಮಿಯು ಕ್ರಿ.ಶ. 813ರ ಮೇ ತಿಂಗಳ ಮಧ್ಯಭಾಗಕ್ಕೆ ಬರುತ್ತದೆ. ಆದರೆ ವಾರ ಸೋಮವಾರವಾಗುವುದಿಲ್ಲ. 735ನೆಯದು ನಡೆಯುತ್ತಿದ್ದ ವರ್ಷವೆಂದು ಹಿಡಿದರೆ ಆ ತಿಥಿಯು ಕ್ರಿ.ಶ. 812ರ ಮೇ 24ಕ್ಕೆ ಬೀಳುತ್ತದೆ, ಅಂದು ಸೋಮವಾರವೇ. ಚಂದ್ರನ ಕಲೆಯೂ ವಾರದ ಹೆಸರೂ ಒಂದನ್ನೊಂದು ಒರೆಗೆ ಹಚ್ಚಿ, ಹನ್ನೆರಡು ಶತಮಾನಗಳ ಹಿಂದಿನ ಒಂದು ದಿನವನ್ನು ನಮ್ಮ ಕೈಗೆ ಕೊಟ್ಟಂತಾಯಿತು.

ಈ ಬಗೆಯ ಲೆಕ್ಕಕ್ಕೆ ದಾರಿ ಮಾಡಿಕೊಟ್ಟವರನ್ನು ನೆನೆಯಬೇಕು. ಫ್ಲೀಟ್ ಮತ್ತು ಕೀಲ್‌ಹಾರ್ನ್ ಅವರು ಶಾಸನಗಳ ಮಿತಿಗಳನ್ನು ಒಂದೊಂದಾಗಿ ಗಣಿಸಿ ನೋಡಿದರು. ಮಹಾರಾಷ್ಟ್ರದ ಶಂಕರ ಬಾಲಕೃಷ್ಣ ದೀಕ್ಷಿತರು ರಾಬರ್ಟ್ ಸೀವೆಲ್ ಅವರೊಡನೆ 1896ರಲ್ಲಿ ಭಾರತೀಯ ಪಂಚಾಂಗವನ್ನು ಕುರಿತ ಗ್ರಂಥವನ್ನು ಹೊರತಂದರು. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರು ಶತಶತಮಾನಗಳ ತಿಥಿವಾರಗಳನ್ನು ಸಂಪುಟಗಳಲ್ಲಿ ಅಣಿಗೊಳಿಸಿ 1922ರಲ್ಲಿ ಪ್ರಕಟಿಸಿದರು. ಇವರ ದುಡಿಮೆಯಿಲ್ಲದಿದ್ದರೆ ನಮ್ಮ ರಾಜರ ಕಾಲಾನುಕ್ರಮಣಿಕೆಯ ಬಹುಭಾಗ ಊಹೆಯಾಗಿಯೇ ಉಳಿಯುತ್ತಿತ್ತು.

ದಿನ ಗೊತ್ತಾದ ಮೇಲೆ ಇನ್ನೊಂದು ಕುತೂಹಲ ಸಹಜವಾಗಿ ಹುಟ್ಟುತ್ತದೆ. ವಿಮಲಾದಿತ್ಯನನ್ನು ಪೀಡಿಸಿದ ಶನಿಯು ಆಗ ಆಕಾಶದಲ್ಲಿ ಎಲ್ಲಿದ್ದನು? ಶನಿಗ್ರಹವು ಸೂರ್ಯನನ್ನು ಒಂದು ಸಲ ಸುತ್ತಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಇಂದಿನ ಸ್ಥಾನದಿಂದ ಹಿಂದಕ್ಕೆ ಎಣಿಸುತ್ತ ಹೋದರೆ, 812ರ ಬೇಸಗೆಯಲ್ಲಿ ಶನಿಯು ವೃಶ್ಚಿಕದಿಂದ ಪೂರ್ವಕ್ಕೆ, ಧನುಸ್ಸಿನ ನಕ್ಷತ್ರಗಳ ಪೂರ್ವದ ಅಂಚಿನಲ್ಲಿ ಇದ್ದನೆಂದು ತಿಳಿಯುತ್ತದೆ. ಆ ಸೋಮವಾರದ ಸಂಜೆ ಕುಣಿಗಲ್ಲಿನಲ್ಲಿಯೋ ಕಡಬದಲ್ಲಿಯೋ ಮೋಡವಿಲ್ಲದೆ ಇದ್ದಿದ್ದರೆ, ದಶಮಿಯ ಚಂದ್ರನು ಕನ್ಯಾರಾಶಿಯ ಕಡೆ ಎತ್ತರದಲ್ಲಿ ಬೆಳಗುತ್ತಿದ್ದಿರಬೇಕು. ಆಗ್ನೇಯದಲ್ಲಿ ಚೇಳು ತಲೆಯೆತ್ತಿರಬೇಕು. ಸೂರ್ಯಾಸ್ತವಾಗಿ ಸುಮಾರು ಎರಡು ಗಂಟೆಗಳ ಮೇಲೆ, ಆ ಚೇಳಿನ ಹಿಂದೆಯೇ, ಮಿನುಗದ ಮಂದಪ್ರಕಾಶದ ಒಂದು ಚುಕ್ಕೆ ದಿಗಂತದಿಂದ ಮೇಲಕ್ಕೆ ಬಂದಿರಬೇಕು. ಅದೇ ಶನಿ. ಬೆಳಗಿನ ಜಾವದವರೆಗೂ ಅದು ಕಾಣುವ ಕಾಲವದು. ರಾಜಕುಮಾರನ ಭಯಕ್ಕೆ ಕಾರಣವಾದದ್ದು ಕೇವಲ ಜೋಯಿಸರ ಕವಡೆಯೊಳಗಿನ ಹೆಸರಲ್ಲ. ಹೊರಗೆ ಬಂದು ತಲೆಯೆತ್ತಿದರೆ ಕಣ್ಣಿಗೆ ಬೀಳುತ್ತಿದ್ದ ವಸ್ತು.

ಶನೈಶ್ಚರನೆಂದರೆ ಮೆಲ್ಲಮೆಲ್ಲನೆ ನಡೆಯುವವನು. ಈ ಹೆಸರನ್ನು ಕೊಟ್ಟವರು ಎಷ್ಟು ತಾಳ್ಮೆಯಿಂದ ಆಕಾಶವನ್ನು ನೋಡಿದ್ದಿರಬೇಕು! ಒಂದು ರಾಶಿಯನ್ನು ದಾಟಲು ಎರಡೂವರೆ ವರ್ಷ. ಮೂರು ರಾಶಿಗಳನ್ನು ದಾಟಲು ಏಳೂವರೆ ವರ್ಷ. ಹಳ್ಳಿಯಲ್ಲಿ ಏಳೂವರೆ ಶನಿಯೆಂದು ಹೇಳುವ ಮಾತಿನ ಹಿಂದೆ ಇರುವುದು ಈ ಸರಳ ಗುಣಾಕಾರವೇ. ಗ್ರಹದ ಗತಿಯನ್ನು ತಲೆಮಾರುಗಳ ಕಾಲ ಗುರುತಿಸಿಟ್ಟುಕೊಂಡದ್ದು ಶುದ್ಧವಾದ ವಿದ್ಯೆ. ಆ ಗತಿಗೆ ಮನುಷ್ಯನ ಸುಖದುಃಖಗಳನ್ನು ಕಟ್ಟಿದ್ದು ಭಯ. ನಮ್ಮ ಪಂಚಾಂಗದಲ್ಲಿ ಈ ವಿದ್ಯೆಯೂ ಈ ಭಯವೂ ಒಂದೇ ಹೊದಿಕೆಯೊಳಗೆ ಮಲಗಿವೆ. ಕಡಬದ ಶಾಸನದಲ್ಲಿಯೂ ಹಾಗೆಯೇ. ವಿಮಲಾದಿತ್ಯನ ಭಯ ಅವನೊಡನೆ ಹೋಯಿತು. ಆದರೆ ಆ ಭಯದ ನಿಮಿತ್ತವಾಗಿ ಬರೆಯಿಸಿದ ತಾಮ್ರಪಟದಿಂದ ಕುಣಿಗಲ್ಲಿನ ಹಳೆಯ ಹೆಸರು ಉಳಿಯಿತು. ಯಾಪನೀಯ ಮುನಿಗಳ ಗುರುಪರಂಪರೆ ಉಳಿಯಿತು. ರಾಷ್ಟ್ರಕೂಟರು ಗಂಗವಾಡಿಯನ್ನು ಯಾರ ಮೂಲಕ ಆಳಿದರೆಂಬ ವಿವರ ಉಳಿಯಿತು. ಇವನ್ನೆಲ್ಲ ಕಾಲದ ಗೂಟಕ್ಕೆ ಕಟ್ಟಿ ನಿಲ್ಲಿಸಿದ್ದು ಶನಿಯ ಭಯವಲ್ಲ, ತಿಥಿವಾರಗಳ ಲೆಕ್ಕ.

ಗ್ರಹಣಗಳ ಸಾಕ್ಷ್ಯವಂತೂ ಇನ್ನೂ ಖಚಿತವಾದದ್ದು. ಕಡಬದ ದಾನಕ್ಕೆ ಸುಮಾರು ಅರವತ್ತು ವರ್ಷ ಮೊದಲು, ಬಾದಾಮಿಯ ಚಾಲುಕ್ಯರಲ್ಲಿ ಕೊನೆಯವನಾದ ಎರಡನೆಯ ಕೀರ್ತಿವರ್ಮನ ಕಾಲದಲ್ಲಿ, ಗಂಗಾನದಿಯ ಉತ್ತರದ ದಡದಿಂದ ಬಂದ ಜ್ಞಾನಶಿವಾಚಾರ್ಯನು ಪಟ್ಟದಕಲ್ಲಿನಲ್ಲಿ ಸ್ತಂಭವೊಂದನ್ನು ನಿಲ್ಲಿಸಿ ದತ್ತಿ ಬಿಟ್ಟನು. ಅಂದು ಸಂಪೂರ್ಣ ಸೂರ್ಯಗ್ರಹಣವಾಗಿತ್ತೆಂದು ಶಾಸನ ಹೇಳುತ್ತದೆ. ಅದು ಕ್ರಿ.ಶ. 754ರ ಜೂನ್ 25. ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿಯರು ಅಲ್ಲಿ ಕಟ್ಟಿಸಿದ ಗುಡಿಗಳ ಸಂಗತಿಯೂ ಇದೇ ಸ್ತಂಭದಲ್ಲಿದೆ. ಗ್ರಹಣವೆಂಬುದು ರಾಜನ ಅಪ್ಪಣೆಯಿಂದ ಆಗುವಂಥದಲ್ಲ, ಕವಿಯ ಕಲ್ಪನೆಯಿಂದ ಹುಟ್ಟುವಂಥದೂ ಅಲ್ಲ. ಅದರ ದಿನವನ್ನು ಇಂದು ಯಾರು ಬೇಕಾದರೂ ಗಣಿಸಿ ನೋಡಬಹುದು.

ಆದರೆ ಆಕಾಶವನ್ನು ಸಾಕ್ಷಿಗೆ ಕರೆದವರು ಅದನ್ನು ಆಗಾಗ ನೋಡುತ್ತಲೂ ಇರಬೇಕು. ಹಳೆಯ ಸೂತ್ರವನ್ನು ಮಾತ್ರ ನೆಚ್ಚಿದರೆ ಸಾಲದು. ಶಾಸನಗಳಲ್ಲಿ ಉತ್ತರಾಯಣ ಸಂಕ್ರಾಂತಿಯ ದಾನಗಳು ಹೇರಳವಾಗಿವೆ. ಸೂರ್ಯನು ಉತ್ತರಕ್ಕೆ ತಿರುಗುವ ದಿನವೂ ಮಕರ ಸಂಕ್ರಾಂತಿಯೂ ಐದನೆಯ ಶತಮಾನದ ಕೊನೆಯ ಸುಮಾರಿನಲ್ಲಿ ಹೆಚ್ಚುಕಡಮೆ ಒಂದೇ ಆಗಿದ್ದವು. ಕಡಬದ ಶಾಸನದ ಕಾಲಕ್ಕೆ ಅವೆರಡರ ನಡುವೆ ನಾಲ್ಕೈದು ದಿನಗಳ ಅಂತರ ಬಿದ್ದಿತ್ತು. ಇಂದು ಸೂರ್ಯನು ನಿಜವಾಗಿ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಾವು ಎಳ್ಳು ಬೀರುವುದು ಜನವರಿ 14 ಅಥವಾ 15ರಂದು. ಭೂಮಿಯ ಅಕ್ಷವು ಬುಗುರಿಯ ಹಾಗೆ ನಿಧಾನವಾಗಿ ಓಲಾಡುವುದೇ ಇದಕ್ಕೆ ಕಾರಣ. ಹಬ್ಬವನ್ನು ಬದಲಾಯಿಸಬೇಕೆಂದು ನಾನು ಹೇಳುತ್ತಿಲ್ಲ. ಸಂಪ್ರದಾಯವನ್ನು ಅರಿತು ಆಚರಿಸುವುದು ಅರಿಯದೆ ಆಚರಿಸುವುದಕ್ಕಿಂತ ಮೇಲು ಎಂದಷ್ಟೇ ನನ್ನ ಮಾತು.

ಇಂಥ ಅರಿವನ್ನು ಕನ್ನಡದಲ್ಲಿ ಬಿತ್ತಲು ಹೊರಟವರಲ್ಲಿ ಇದೇ ಸೀಮೆಯ ಒಬ್ಬರು ಮೊದಲಿಗರು. ತುಮಕೂರು ತಾಲ್ಲೂಕಿನ ಬೆಳ್ಳಾವಿಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಕಲಿಸುತ್ತಿದ್ದವರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ 'ವಿಜ್ಞಾನ'ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದೇ ವೆಂಕಟನಾರಣಪ್ಪನವರು ಪಂಪಭಾರತದ ಸಂಪಾದನಕಾರ್ಯದಲ್ಲಿಯೂ ಶ್ರಮಿಸಿದರು. ಹಳಗನ್ನಡದ ಓಲೆಗರಿಯನ್ನೂ ಭೌತಶಾಸ್ತ್ರದ ಸೂತ್ರವನ್ನೂ ಒಂದೇ ಶ್ರದ್ಧೆಯಿಂದ ಓದಬಲ್ಲ ಮನಸ್ಸು ಅವರದು. ಶಾಸನದ ಆಕಾಶವನ್ನು ಅರ್ಥಮಾಡಿಕೊಳ್ಳಲು ಬೇಕಾದದ್ದು ಅಂಥ ಮನಸ್ಸೇ.

ಭಯ ಮಾತ್ರ ಅಷ್ಟು ಸುಲಭವಾಗಿ ಹೋಗುವುದಿಲ್ಲ. 1980ರ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ದೂರದರ್ಶಕಗಳನ್ನು ಹೊತ್ತು ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೆರೆಗೆ ಬಂದರು. ಜನರಲ್ಲಿ ಅನೇಕರು ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. 2019ರ ಡಿಸೆಂಬರ್ 26ರ ಕಂಕಣಗ್ರಹಣ ಕಾಸರಗೋಡು, ಮಂಗಳೂರು, ಕೊಡಗುಗಳ ದಾರಿಯಲ್ಲಿ ಕಂಡಾಗ, ತಕ್ಕ ಕನ್ನಡಕಗಳನ್ನು ಹಾಕಿಕೊಂಡು ಮಕ್ಕಳು ಮೈದಾನಗಳಿಗೆ ಬಂದರು. ನಾಲ್ಕು ದಶಕಗಳಲ್ಲಿ ಇಷ್ಟು ದೂರ ಬಂದದ್ದು ಸಣ್ಣ ಸಂಗತಿಯಲ್ಲ.

ಶನಿಯ ವಿಷಯದಲ್ಲಿಯೂ ಹೀಗಾದರೆ ಎಷ್ಟು ಚೆನ್ನ! 1610ರಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ಶನಿಯನ್ನು ನೋಡಿ ಅದರ ಆಕಾರ ತಿಳಿಯದೆ ಬೆರಗಾದನು. 1659ರಲ್ಲಿ ಹೈಗೆನ್ಸ್ ಅದನ್ನು ಸುತ್ತುವರಿದ ಬಳೆಯ ಗುಟ್ಟನ್ನು ಬಿಡಿಸಿ ಹೇಳಿದನು. 2020ರ ಡಿಸೆಂಬರ್ 21ರ ಸಂಜೆ ಗುರುಶನಿಗಳು ಪಶ್ಚಿಮದ ಆಕಾಶದಲ್ಲಿ ಒಂದನ್ನೊಂದು ಮುಟ್ಟುವಂತೆ ಸಮೀಪಿಸಿದವು. ಅಷ್ಟು ಸಮೀಪ ಅವು ಬಂದದ್ದು 1623ರ ತರುವಾಯ ಅದೇ ಮೊದಲು. 2025ರ ಮಾರ್ಚ್ ತಿಂಗಳಲ್ಲಿ ಶನಿಯ ಬಳೆಗಳ ಅಂಚು ನೇರವಾಗಿ ಭೂಮಿಯ ಕಡೆಗೆ ತಿರುಗಿ, ಅವು ಕಾಣದಷ್ಟು ತೆಳುವಾದವು. ಇವನ್ನು ನೋಡಿ ಸಂತೋಷಪಡುವುದಕ್ಕೆ ಗ್ರಹಶಾಂತಿಯ ಅಗತ್ಯವಿಲ್ಲ.

812ರಿಂದೀಚೆಗೆ ಶನಿಯು ಸೂರ್ಯನನ್ನು ನಲವತ್ತೊಂದು ಬಾರಿಗೂ ಮಿಕ್ಕಿ ಸುತ್ತಿ ಬಂದಿದ್ದಾನೆ. ಗಂಗರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದವರು, ಎಲ್ಲರೂ ಬಂದು ಹೋದರು. ಶಾಸನವನ್ನು ಬರೆಯಿಸಿದವರು ನಮ್ಮಿಂದ ಕೇಳಿಕೊಂಡದ್ದು ಕೊಟ್ಟದ್ದನ್ನು ಕೆಡಿಸಬೇಡಿರಿ ಎಂದು. ಅವರು ಕೊಟ್ಟದ್ದರಲ್ಲಿ ಜಾಲಮಂಗಲದ ಭೂಮಿಯಷ್ಟೇ ಅಲ್ಲ, ಆಕಾಶವನ್ನು ನೋಡಿ ಎಣಿಸಿ ಬರೆದಿಡುವ ಶಿಸ್ತೂ ಸೇರಿದೆ. ಊರಿನ ಬದಿಯಲ್ಲಿ ಬಿದ್ದ ಶಾಸನದ ಕಲ್ಲನ್ನು ಬಟ್ಟೆ ಒಗೆಯುವ ಚಪ್ಪಡಿಯಾಗಲು ಬಿಡದಿರುವುದು, ಬೀದಿಯ ದೀಪಗಳಿಂದ ದೂರ ಸರಿದು ತಿಂಗಳಿಗೊಮ್ಮೆಯಾದರೂ ಮಕ್ಕಳಿಗೆ ನಕ್ಷತ್ರಗಳ ಹೆಸರು ಹೇಳಿಕೊಡುವುದು, ಇವೆರಡೂ ಒಂದೇ ದತ್ತಿಯ ಪಾಲನೆ. ಚೇಳೂರಿನ ಮಗುವೊಂದು ಜ್ಯೇಷ್ಠಾ ನಕ್ಷತ್ರವನ್ನು ಬೆರಳಿಟ್ಟು ತೋರಿಸಬಲ್ಲುದಾದರೆ, ಆ ದತ್ತಿ ಇನ್ನೂ ನಡೆಯುತ್ತಿದೆಯೆಂದೇ ತಿಳಿಯಬೇಕು.