ರಿಟೈರ್ ಆದವರ ಕ್ಲಬ್: ಕಾಫಿಯಿಂದ ಶುರುವಾದ ಪ್ರೋಬಸ್ ಕಥೆ

ವರ್ಷಗಟ್ಟಲೆ ದಿನಾ ಅದೇ ರೈಲು, ಅದೇ ಮುಖಗಳು, ಅದೇ ಹರಟೆ. ಒಂದಿನ ರಿಟೈರ್‌ಮೆಂಟ್. ಮರುದಿನ ರೈಲೂ ಇಲ್ಲ, ಗೆಳೆಯರೂ ಇಲ್ಲ. ಈ ಖಾಲಿತನದಿಂದ ಹುಟ್ಟಿದ ಕ್ಲಬ್ಬಿನ ಇತಿಹಾಸ ಇವತ್ತಿನ ಎಪಿಸೋಡ್.

1965ನೇ ಇಸವಿ. ಲಂಡನ್ನಿನ ಉತ್ತರಕ್ಕೆ ವೆಲ್ವಿನ್ ಗಾರ್ಡನ್ ಸಿಟಿ ಅನ್ನೋ ಊರು. ಅಲ್ಲಿಂದ ಲಂಡನ್ನಿಗೆ ಕೆಲಸಕ್ಕೆ ಓಡಾಡಿ ನಿವೃತ್ತರಾದ ಫ್ರೆಡ್ ಕಾರ್ನಿಲ್ ಮತ್ತು ಗೆಳೆಯರು ಬೆಳಗಿನ ಕಾಫಿಗೆ ಸೇರತೊಡಗಿದರು. ರೋಟರಿ ಕ್ಲಬ್ ಬೆಂಬಲ ಕೊಟ್ಟಿತು. ಮರುವರ್ಷ, ಲಂಡನ್ನಿನ ದಕ್ಷಿಣಕ್ಕಿರುವ ಕೇಟರ್‌ಹ್ಯಾಮ್‌ನಲ್ಲಿ ರೋಟರಿಯ ಹೆರಾಲ್ಡ್ ಬ್ಲಾಂಚರ್ಡ್ ನಿವೃತ್ತರಿಗಾಗಿ ಮಧ್ಯಾಹ್ನದ ಊಟದ ಕ್ಲಬ್ ಕಟ್ಟಿದರು. 'ಪ್ರೊಫೆಷನಲ್', 'ಬಿಸಿನೆಸ್' ಎರಡೂ ಇಂಗ್ಲಿಷ್ ಪದಗಳ ಮೊದಲ ಮೂರು ಅಕ್ಷರ ಸೇರಿ ಹೆಸರಾಯಿತು: ಪ್ರೋಬಸ್. 1974ಕ್ಕೆ ನ್ಯೂಜಿಲೆಂಡ್, 1976ಕ್ಕೆ ಆಸ್ಟ್ರೇಲಿಯಾ ತಲುಪಿತು.

ಇದರ ವಿಶೇಷ ಏನು ಗೊತ್ತಾ? ಚಂದಾ ಎತ್ತೋದಿಲ್ಲ, ಸಮಾಜಸೇವೆಯ ಟಾರ್ಗೆಟ್ ಇಲ್ಲ. ಬನ್ನಿ, ಕಾಫಿ ಕುಡೀರಿ, ಒಂದು ಭಾಷಣ ಕೇಳಿ, ಊಟ ಮಾಡಿ. ಬ್ರಿಟನ್ನಿನಲ್ಲಿ ಎಲ್ಲ ಕ್ಲಬ್ಬುಗಳನ್ನೂ ಆಳುವ ಮುಖ್ಯ ಕಚೇರಿಯೂ ಇಲ್ಲ, ಪ್ರತಿ ಕ್ಲಬ್ ಸ್ವತಂತ್ರ. ಅದು ಬೇಗ ಹರಡಿದ್ದಕ್ಕೆ ಈ ಸರಳತನವೇ ಕಾರಣ. ಆದರೆ ಕಷ್ಟ ಬಂದಾಗ ಕೈಹಿಡಿಯೋರು ಇಲ್ಲದಿರೋದಕ್ಕೂ ಅದೇ ಕಾರಣ.

ಒಂದು ಲೆಕ್ಕ ನೋಡಿ. ಹಾಲ್ ಬಾಡಿಗೆ 60 ಪೌಂಡ್ ಅಂದ್ಕೊಳ್ಳಿ. 60 ಜನ ಇದ್ರೆ ತಲೆಗೆ ಒಂದು ಪೌಂಡ್. 30 ಜನ ಆದ್ರೆ ಎರಡು. ಶುಲ್ಕ ಏರಿಸಿದ್ರೆ ಪಿಂಚಣಿ ಎಣಿಸಿ ಬದುಕೋರು ಬಿಡ್ತಾರೆ, ಉಳಿದವರ ಪಾಲು ಮತ್ತೆ ಏರುತ್ತೆ. ಏರಿಸದಿದ್ರೆ ಹಾಲೇ ಕೈತಪ್ಪುತ್ತೆ.

ಹೊಸಬರು ಬರಬಹುದಲ್ಲ? ಕ್ಲಬ್ ಹುಟ್ಟಿದಾಗ ಬ್ರಿಟನ್ನಿನಲ್ಲಿ ಸರ್ಕಾರಿ ಪಿಂಚಣಿ ವಯಸ್ಸು ಗಂಡಸರಿಗೆ 65, ಹೆಂಗಸರಿಗೆ 60. 2020ರ ಹೊತ್ತಿಗೆ ಇಬ್ಬರಿಗೂ 66. ನಿವೃತ್ತಿ ತಡವಾದಷ್ಟೂ ಹೊಸ ಸದಸ್ಯರು ಬರೋದೂ ತಡ, ಬಂದವರಿಗೆ ಆಗಲೇ ವಯಸ್ಸಾಗಿರುತ್ತೆ. 2020ರ ಲಾಕ್‌ಡೌನ್‌ನಲ್ಲಂತೂ ಕೂಟಗಳೇ ನಿಂತವು. ಕೆಲವರು ಜೂಮ್ ಕಲಿತರು, ಕೆಲವರು ಮತ್ತೆ ಬರಲೇ ಇಲ್ಲ.

ದಾರಿ ಇಲ್ವಾ? ಇದೆ. ಮೊದಲು ಗಂಡಸರದ್ದೇ ಆಗಿದ್ದ ಎಷ್ಟೋ ಕ್ಲಬ್ಬುಗಳು ಮಹಿಳೆಯರನ್ನು ಸೇರಿಸಿಕೊಂಡವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಒಂದು ಕೇಂದ್ರ ಸಂಸ್ಥೆಯೇ ಇದೆ. ಕ್ಲಬ್ಬುಗಳು ತಲೆಗಿಷ್ಟು ಅಂತ ವಂತಿಗೆ ಕೊಡ್ತವೆ, ಬದಲಿಗೆ ವಿಮೆ, ಸಲಹೆ ಸಿಗುತ್ತೆ. ಸ್ವಾತಂತ್ರ್ಯ ಸ್ವಲ್ಪ ಕಮ್ಮಿ, ಆಸರೆ ಸ್ವಲ್ಪ ಜಾಸ್ತಿ.

ಆದರೆ ಇಂಥ ಕ್ಲಬ್ಬಿಗೆ ಬೀಗ ಬೀಳೋದು ದುಡ್ಡು ಮುಗಿದಾಗ ಮಾತ್ರ ಅಲ್ಲ. ಕಾರ್ಯದರ್ಶಿ ಆಗೋಕೆ, ಲೆಕ್ಕ ಬರೆಯೋಕೆ ಯಾರೂ ಸಿಗದಿದ್ದಾಗಲೂ ಬೀಳುತ್ತೆ. ನಿಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಹಿರಿಯರ ಕೂಟ ಇದ್ರೆ, ಅವರ ವಾಟ್ಸಾಪ್ ಗ್ರೂಪ್ ನೋಡಿಕೊಳ್ಳೋಕೆ ಒಬ್ಬರು ಬೇಕಾ ಅಂತ ಕೇಳಿ. ತಿಂಗಳಿಗೆ ಒಂದು ಗಂಟೆ ಸಾಕು.