ದ್ವೇಷವನ್ನು ಗೆದ್ದ ನೌಕಾಧಿಕಾರಿ

ರಣರಂಗದಲ್ಲಿ ಪ್ರಾಣವನ್ನರ್ಪಿಸಿದ ವೀರರ ಹೆಸರುಗಳು ಇತಿಹಾಸದಲ್ಲಿ ಹೇರಳವಾಗಿವೆ. ಆದರೆ ತಮಗೆ ಮರಣದಂಡನೆ ವಿಧಿಸಿದವರನ್ನು ದ್ವೇಷಿಸಬೇಡಿರೆಂದು ಬಂಧುಗಳಿಗೆ ಬರೆದಿಟ್ಟು ಮಡಿದವರು ವಿರಳ. ಅಂತಹವರಲ್ಲೊಬ್ಬರು ಫ್ರಾನ್ಸಿನ ಕಥೋಲಿಕ ನೌಕಾಧಿಕಾರಿ ಒನೊರೆ ದೆತಿಯೆನ್ ದೋರ್ವ್. ಅವರ ಜೀವನವನ್ನು ವಾಚಕರ ಮುಂದಿಡಲು ನಾವು ಇಲ್ಲಿ ಯತ್ನಿಸಿದ್ದೇವೆ.

ಇವರು 1901ರ ಜೂನ್ 5ರಂದು ಪ್ಯಾರಿಸ್ ಸಮೀಪದ ವೆರಿಯೇರ್ ಎಂಬಲ್ಲಿ ದೈವಭಕ್ತ ಮನೆತನವೊಂದರಲ್ಲಿ ಜನಿಸಿದರು. 1921ರಲ್ಲಿ ಪ್ರಸಿದ್ಧ ಪಾಲಿಟೆಕ್ನಿಕ್ ವಿದ್ಯಾಲಯವನ್ನು ಸೇರಿ, ಅಲ್ಲಿಂದ ನೌಕಾಪಡೆಯನ್ನು ಪ್ರವೇಶಿಸಿದರು. ವಿವಾಹವಾಗಿ ಐವರು ಮಕ್ಕಳ ತಂದೆಯಾದರು. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ, ಈಜಿಪ್ಟಿನ ಅಲೆಗ್ಸಾಂಡ್ರಿಯದಲ್ಲಿ ನೆಲೆಸಿದ್ದ ಫ್ರೆಂಚ್ ನೌಕಾದಳದಲ್ಲಿ ಸೇವೆ ಸಲ್ಲಿಸುತ್ತಿದ್ದರು.

1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಯೊಡನೆ ಕದನವಿರಾಮಕ್ಕೆ ಸಹಿ ಹಾಕಿತು. ಜುಲೈ ತಿಂಗಳಲ್ಲಿ ದಳದ ಅಡ್ಮಿರಲ್ ಗೊದ್‌ಫ್ರುವಾ ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡು ಹಡಗುಗಳನ್ನು ನಿರಾಯುಧಗೊಳಿಸಿದರು. ಮೇಲಧಿಕಾರಿಯ ಆಜ್ಞೆಗೆ ತಲೆಬಾಗಿ ಹಡಗಿನಲ್ಲೇ ಉಳಿಯಬೇಕೋ, ಪರರ ವಶವಾದ ದೇಶಕ್ಕಾಗಿ ಹೋರಾಟವನ್ನು ಮುಂದುವರಿಸಬೇಕೋ? ಶಿಸ್ತಿನಲ್ಲೇ ಬೆಳೆದ ಅಧಿಕಾರಿಗೆ ಇದು ಸುಲಭದ ಪ್ರಶ್ನೆಯಾಗಿರಲಿಲ್ಲ. ಶತ್ರುವಶವಾದ ನಾಡಿನಲ್ಲಿ ಹೆಂಡತಿ ಮಕ್ಕಳಿದ್ದರೆಂಬುದನ್ನೂ ನಾವು ಮರೆಯಲಾಗದು. ದೋರ್ವ್ ತಮ್ಮ ಅಂತಃಸಾಕ್ಷಿಯ ಕರೆಗೆ ಓಗೊಟ್ಟರು. ಕೆಲವು ಸಂಗಡಿಗರೊಡನೆ ಹೊರಟು, ಆಫ್ರಿಕ ಖಂಡವನ್ನು ಬಳಸಿಕೊಂಡು ಲಂಡನ್ ತಲುಪಿ ಜನರಲ್ ದಗಾಲರ ಪಡೆಯನ್ನು ಸೇರಿದರು.

ಅಲ್ಲಿ ಅವರಿಗೆ ಗೂಢಚರ್ಯೆಯ ಹೊಣೆ ದೊರೆಯಿತು. ಲಂಡನ್ನಿನಲ್ಲೇ ಕುಳಿತು ಅದನ್ನು ನಿರ್ವಹಿಸಬಹುದಾಗಿತ್ತು. ಆದರೆ ಅನ್ಯರನ್ನು ಅಪಾಯಕ್ಕೊಡ್ಡಿ ತಾವು ಕ್ಷೇಮದಿಂದಿರಲು ಅವರು ಬಯಸಲಿಲ್ಲ. 1940ರ ಡಿಸೆಂಬರಿನಲ್ಲಿ ಮೀನುಗಾರರ ದೋಣಿಯೊಂದರಲ್ಲಿ ಸಮುದ್ರವನ್ನು ದಾಟಿ, ಗುಪ್ತವಾಗಿ ಬ್ರಿಟನಿ ತೀರದಲ್ಲಿಳಿದರು. ಕ್ರಿಸ್ತಜಯಂತಿಯ ದಿನವೇ ನಾಂತ್ ನಗರದ ಕಡೆಯಿಂದ ಲಂಡನ್ನಿಗೆ ರೇಡಿಯೋ ಸಂಪರ್ಕ ಏರ್ಪಟ್ಟಿತು. ಆದರೆ ಅವರೊಡನೆ ಬಂದಿದ್ದ ರೇಡಿಯೋ ಚಾಲಕನೇ ದ್ರೋಹ ಬಗೆದನು. 1941ರ ಜನವರಿಯಲ್ಲಿ ದೋರ್ವ್ ಸೆರೆಸಿಕ್ಕರು.

ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ಜರ್ಮನ್ ಸೈನಿಕ ನ್ಯಾಯಾಲಯವು ಅವರೂ ಸೇರಿದಂತೆ ಒಂಬತ್ತು ಮಂದಿಗೆ ಮರಣದಂಡನೆ ವಿಧಿಸಿತು. ಸೆರೆಮನೆಯಲ್ಲಿ ಅವರಿಗೆ ಆಧ್ಯಾತ್ಮಿಕ ಆಸರೆಯಾದವರು ಜರ್ಮನ್ ಗುರುಗಳಾದ ಸ್ವಾಮಿ ಫ್ರಾಂಟ್ಸ್ ಸ್ಟಾಕ್. ತಮ್ಮನ್ನು ಕೊಲ್ಲಲಿದ್ದ ರಾಷ್ಟ್ರದವರೇ ಆದ ಆ ಗುರುವಿನಲ್ಲಿ ದೋರ್ವ್ ಆತ್ಮೀಯ ಮಿತ್ರನನ್ನು ಕಂಡರು. ಆಗಸ್ಟ್ 21ರಂದು ಪ್ಯಾರಿಸಿನ ಮೆಟ್ರೋ ನಿಲ್ದಾಣವೊಂದರಲ್ಲಿ ಜರ್ಮನ್ ನೌಕಾಪಡೆಯ ತರುಣನೊಬ್ಬನ ಹತ್ಯೆಯಾಯಿತು. ಕ್ಷಮಾದಾನದ ನಿರೀಕ್ಷೆ ಕುಂದಿತು. ಆಗಸ್ಟ್ 29ರಂದು ಮೋಂ ವಲೇರಿಯನ್ ಕೋಟೆಯಲ್ಲಿ ಬಾರ್ಲಿಯೆ, ಡೋರ್ನಿಕ್ ಎಂಬ ಸಂಗಡಿಗರೊಂದಿಗೆ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ ನಲವತ್ತು ವರ್ಷ.

ತಮ್ಮ ನಿಮಿತ್ತ ಯಾರನ್ನೂ ದ್ವೇಷಿಸಬಾರದು, ಪ್ರತಿಯೊಬ್ಬರೂ ತಂತಮ್ಮ ದೇಶಕ್ಕಾಗಿ ಕರ್ತವ್ಯವನ್ನು ಮಾಡಿದ್ದಾರೆ, ನೆರೆಯ ಜನಾಂಗಗಳನ್ನು ಅರಿತುಕೊಳ್ಳಲು ಕಲಿಯಬೇಕು ಎಂಬುದು ಕೊನೆಯ ಪತ್ರಗಳಲ್ಲಿ ಅವರು ಬಿಟ್ಟುಹೋದ ಸಂದೇಶ. ಫ್ರಾನ್ಸ್ ಜರ್ಮನಿಗಳೆರಡಕ್ಕೂ ನ್ಯಾಯಯುತ ಶಾಂತಿ ಲಭಿಸಲೆಂದು ಅವರು ಪ್ರಾರ್ಥಿಸಿದರು.

ಮುಂದೆ ಕಮ್ಯೂನಿಸ್ಟ್ ಕವಿ ಲೂಯಿ ಅರಾಗೊನ್ ತಮ್ಮದೊಂದು ಕವನವನ್ನು ಹುತಾತ್ಮರಾದ ನಾಲ್ವರಿಗೆ ಅರ್ಪಿಸಿದಾಗ, ಆ ನಾಲ್ವರಲ್ಲಿ ದೋರ್ವರೂ ಒಬ್ಬರಾಗಿದ್ದರು. ಪ್ಯಾರಿಸಿನ ಪವಿತ್ರ ತ್ರಿತ್ವದ ದೇವಾಲಯದ ಮುಂದಿನ ಚೌಕಕ್ಕೆ ಅವರ ಹೆಸರನ್ನಿಡಲಾಗಿದೆ.

ಅನ್ಯಾಯವನ್ನು ಅವರು ಕೊನೆಯವರೆಗೂ ಎದುರಿಸಿದರು; ಎದುರಾಳಿಯನ್ನು ಮಾತ್ರ ದ್ವೇಷಿಸಲಿಲ್ಲ. ವೈರಿಗಳನ್ನು ಪ್ರೀತಿಸಿರೆಂಬ ಪ್ರಭುವಿನ ವಾಕ್ಯವನ್ನು ನಾವು ದೇವಾಲಯದಲ್ಲಿ ಎಷ್ಟು ಬಾರಿ ಕೇಳಿಲ್ಲ! ಆದರೂ ನೆರೆಮನೆಯವರೊಡನೆ, ಒಡಹುಟ್ಟಿದವರೊಡನೆ ವರ್ಷಗಟ್ಟಲೆ ಮಾತು ಬಿಟ್ಟಿರುವವರು ನಮ್ಮಲ್ಲಿಲ್ಲವೇ? ಸಾವಿನ ಹೊಸ್ತಿಲಲ್ಲಿ ನಿಂತ ನೌಕಾಧಿಕಾರಿಗೆ ಸಾಧ್ಯವಾದ ಕ್ಷಮೆ ನಮಗೂ ಸಾಧ್ಯವಾಗಲೆಂದು ಪ್ರಾರ್ಥಿಸೋಣ.